ಹಳೆಯ ವಿಡಿಯೊ ಗೇಮ್‌ಗಳನ್ನು ಇಂದು ಆಡುವುದು ಹೇಗೆ: ಮೂಲ ಕನ್ಸೋಲ್, ಎಫ್‌ಪಿಜಿಎ, ಎಮ್ಯುಲೇಟರ್, ಮರುಬಿಡುಗಡೆಗಳ ಹೋಲಿಕೆ

ಹಳೆಯ ವಿಡಿಯೊ ಗೇಮ್‌ಗಳನ್ನು ಆಡಬಯಸುವವರ ಮುಂದೆ ಇಂದು ನಾಲ್ಕು ದಾರಿಗಳಿವೆ. ಟಿವಿಗೆ ಜೋಡಿಸಿ ಆಡುವ ಆ ಕಾಲದ ಯಂತ್ರವನ್ನೇ, ಅಂದರೆ ಕನ್ಸೋಲನ್ನೇ, ಹುಡುಕಿ ಕೊಳ್ಳಬಹುದು. ಅದರ ಸರ್ಕ್ಯೂಟನ್ನು ಎಫ್‌ಪಿಜಿಎ ಎಂಬ ಚಿಪ್ಪಿನೊಳಗೆ ಮರಳಿ ಕಟ್ಟಿರುವ ಹೊಸ ಸಾಧನವನ್ನು ಬಳಸಬಹುದು. ಕಂಪ್ಯೂಟರಿನಲ್ಲೋ ಫೋನಿನಲ್ಲೋ ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಹಾಕಿಕೊಳ್ಳಬಹುದು. ಇಲ್ಲವೇ ಕಂಪನಿಗಳೇ ಹೊರತಂದಿರುವ ಮಿನಿ ಕನ್ಸೋಲ್, ಸಂಕಲನ, ಚಂದಾ ಸೇವೆಗಳಲ್ಲಿ ಸಿಕ್ಕಿದ್ದನ್ನು ಆಡಬಹುದು. ಇವುಗಳಲ್ಲಿ ಯಾವುದು ಅಸಲಿ ಅನುಭವ ಎಂಬ ಚರ್ಚೆ ಹವ್ಯಾಸಿಗಳಲ್ಲಿ ಮೊದಲಿನಿಂದಲೂ ನಡೆದಿದೆ, ಮುಂದೆಯೂ ನಡೆಯಲಿದೆ; ಆದರೆ ಹೊಸದಾಗಿ ಆಯ್ಕೆ ಮಾಡಹೊರಟವರಿಗೆ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ದಿನದ ಬಿಡುವಿನಲ್ಲಿ ನೀವು ಈ ಹವ್ಯಾಸದ ಯಾವ ಕೆಲಸವನ್ನು ಮಾಡಬಯಸುತ್ತೀರಿ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುತ್ತದೆ.

ಆಡುವುದು, ಸಂಗ್ರಹಿಸುವುದು, ಬಿಚ್ಚಿ ರಿಪೇರಿ ಮಾಡುವುದು, ಒಂದೇ ಆಟವನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸಲು ಅಭ್ಯಾಸ ಮಾಡುವುದು, ಇವೆಲ್ಲ ಹೊರಗಿನವರಿಗೆ ಒಂದೇ ಹವ್ಯಾಸದಂತೆ ಕಂಡರೂ ಇವು ಬೇಡುವ ಸಲಕರಣೆ, ಜಾಗ ಮತ್ತು ತಾಳ್ಮೆ ಬೇರೆ ಬೇರೆ. ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಆಡಬೇಕೆನ್ನುವವರಿಗೆ ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಮರುದಿನ ಅಲ್ಲಿಂದಲೇ ಮುಂದುವರಿಸುವ ಸೌಕರ್ಯ ಎಲ್ಲಕ್ಕಿಂತ ಮುಖ್ಯ. ಸಂಗ್ರಹಕಾರರಿಗೆ ಅದು ಲೆಕ್ಕಕ್ಕೇ ಇಲ್ಲ, ಅವರಿಗೆ ರಟ್ಟಿನ ಪೆಟ್ಟಿಗೆಯ ಅಂಚು ಮಡಚಿದೆಯೇ ಎಂಬುದೇ ದೊಡ್ಡ ವಿಚಾರ. ಹಾಗಾಗಿ ಮುಂದೆ ಬರುವ ಹೋಲಿಕೆಯಲ್ಲಿ ಎಲ್ಲರಿಗೂ ಒಪ್ಪುವ ಒಂದು ಉತ್ತರವನ್ನು ಹುಡುಕಬಾರದು. ಆದರೂ ನನ್ನದೊಂದು ನಿಲುವನ್ನು ಮೊದಲೇ ಹೇಳಿಬಿಡುವುದು ಸರಿ: ಆಟ ಎಲ್ಲಿಂದ ಓಡುತ್ತಿದೆ ಎಂಬುದಕ್ಕಿಂತ ಅದು ಯಾವ ಪರದೆಯ ಮೇಲೆ ಕಾಣುತ್ತಿದೆ, ಕೈಯಲ್ಲಿ ಯಾವ ಕಂಟ್ರೋಲರ್ ಇದೆ ಎಂಬುದೇ ಅನುಭವವನ್ನು ಹೆಚ್ಚು ತೀರ್ಮಾನಿಸುತ್ತದೆ. ಆದ್ದರಿಂದ ಪರದೆಯಿಂದಲೇ ಆರಂಭಿಸುತ್ತೇನೆ.

ಪರದೆ: ಸಿಆರ್‌ಟಿಯೋ, ಸ್ಕೇಲರ್ ಜೊತೆಗಿನ ಹೊಸ ಟಿವಿಯೋ

1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನಿಂದ ಹಿಡಿದು 1994ರ ಪ್ಲೇಸ್ಟೇಷನ್‌ವರೆಗಿನ ಮನೆ ಕನ್ಸೋಲ್‌ಗಳು ಗಾಜಿನ ಕೊಳವೆಯ ಹಳೆಯ ದಪ್ಪ ಟಿವಿಯನ್ನು, ಅಂದರೆ ಸಿಆರ್‌ಟಿಯನ್ನು, ಮನಸ್ಸಿನಲ್ಲಿಟ್ಟುಕೊಂಡೇ ಚಿತ್ರವನ್ನು ರಚಿಸುತ್ತಿದ್ದವು. ಟಿವಿ ಪ್ರಸಾರದಲ್ಲಿ ಸಮ ಸಾಲುಗಳೂ ಬೆಸ ಸಾಲುಗಳೂ ಸರದಿಯಂತೆ ಬರುತ್ತಿದ್ದರೆ, ಈ ಯಂತ್ರಗಳು ಪ್ರತಿ ಸಲವೂ ಅದೇ ಸಾಲುಗಳನ್ನೇ ಬೆಳಗಿಸಿ, ಸುಮಾರು 240 ಸಾಲುಗಳ ಪೂರ್ಣ ಚಿತ್ರವನ್ನು ಸೆಕೆಂಡಿಗೆ 60 ಬಾರಿ ತೋರಿಸುತ್ತಿದ್ದವು. ಬೆಳಗದೆ ಉಳಿದ ಸಾಲುಗಳ ಜಾಗದಲ್ಲಿ ಕಾಣುವ ತೆಳು ಕಪ್ಪು ಗೆರೆಗಳನ್ನೇ ಹವ್ಯಾಸಿಗಳು ಸ್ಕ್ಯಾನ್‌ಲೈನ್ ಎನ್ನುತ್ತಾರೆ. ಇಂದಿನ ಅನೇಕ ಟಿವಿಗಳು ಈ ಸಂಕೇತವನ್ನು ಹಳೆಯ ಪ್ರಸಾರದ ಸಂಕೇತವೆಂದೇ ತಪ್ಪಾಗಿ ತಿಳಿದು, ಇಲ್ಲದ ಸಮ-ಬೆಸ ಸಾಲುಗಳನ್ನು ಕೂಡಿಸಲು ಹೊರಡುತ್ತವೆ. ಅದರಿಂದ ಚಿತ್ರ ಮಸುಕಾಗುತ್ತದೆ, ಪಾತ್ರದ ಕೆಳಗೆ ಮಿಣುಕಬೇಕಾದ ನೆರಳು ಕೆಲವೊಮ್ಮೆ ಪೂರ್ತಿ ಮಾಯವಾಗುತ್ತದೆ, ಬಟನ್ ಒತ್ತಿದ್ದಕ್ಕೂ ಪಾತ್ರ ಜಿಗಿದದ್ದಕ್ಕೂ ನಡುವಿನ ಅಂತರ ಹೆಚ್ಚುತ್ತದೆ. ಮೂಲ ಕನ್ಸೋಲನ್ನು ಹೊಸ ಟಿವಿಗೆ ನೇರವಾಗಿ ಸಿಕ್ಕಿಸಿ, ‘ಈ ಆಟಗಳು ಇಷ್ಟು ಕೆಟ್ಟದಾಗಿದ್ದವೇ’ ಎಂದು ನಿರಾಶರಾಗುವವರಲ್ಲಿ ಬಹಳಷ್ಟು ಮಂದಿ ನಿಜವಾಗಿ ದೂರಬೇಕಾದದ್ದು ಟಿವಿಯೊಳಗಿನ ಈ ಲೆಕ್ಕಾಚಾರವನ್ನು.

ಸಿಆರ್‌ಟಿಯ ಪರವಾಗಿ ಹೇಳಬೇಕಾದ ಮಾತಿಗೆ ಸೆಗಾ ಮೆಗಾ ಡ್ರೈವ್‌ನ ಸಾನಿಕ್ ಆಟವೇ ಸಾಕ್ಷಿ. 1991ರ ಆ ಆಟದ ಮೊದಲ ವಲಯದಲ್ಲಿ ಒಂದು ಜಲಪಾತವಿದೆ. ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆ ಬೇರೆಯಾಗಿ ಒಯ್ಯುವ ಆರ್‌ಜಿಬಿ ಕೇಬಲ್ಲಿನಲ್ಲೋ ಎಮ್ಯುಲೇಟರಿನ ಚೊಕ್ಕ ಚಿತ್ರದಲ್ಲೋ ನೋಡಿದರೆ ಅದು ನೀರಲ್ಲ, ಒಂದು ಬಿಟ್ಟು ಒಂದರಂತೆ ನಿಲ್ಲಿಸಿದ ನೀಲಿ ಕಡ್ಡಿಗಳ ಸಾಲು. ಕಡ್ಡಿಗಳ ನಡುವೆ ಹಿಂದಿನ ಬಂಡೆ ಕಾಣುತ್ತಿರುತ್ತದೆ. ಅದೇ ಚಿತ್ರವನ್ನು ಹಳದಿ ತುದಿಯ ಕಾಂಪೊಸಿಟ್ ಕೇಬಲ್ಲಿನ ಮೂಲಕ ಸಿಆರ್‌ಟಿಗೆ ಕಳುಹಿಸಿದರೆ ಅಕ್ಕಪಕ್ಕದ ಬಣ್ಣಗಳು ಒಂದಕ್ಕೊಂದು ಬೆರೆತು, ಬಂಡೆಯ ಮುಂದೆ ಅರೆಪಾರದರ್ಶಕ ನೀರು ಇಳಿಯುತ್ತಿರುವಂತೆ ಕಾಣುತ್ತದೆ. ಬಣ್ಣಗಳನ್ನು ಪಾರದರ್ಶಕವಾಗಿ ಬೆರೆಸುವ ಸಾಮರ್ಥ್ಯ ಸೂಪರ್ ನಿಂಟೆಂಡೊಗೆ ಇದ್ದಂತೆ ಮೆಗಾ ಡ್ರೈವ್‌ಗೆ ಇರಲಿಲ್ಲವಾದ್ದರಿಂದ, ಅದರ ಕಲಾವಿದರು ಆ ಕೆಲಸವನ್ನು ಕೇಬಲ್ಲಿನ ಕೊರತೆಗೇ ವಹಿಸಿದ್ದರು. ಹೀಗಾಗಿ ‘ಅತ್ಯಂತ ಸ್ಪಷ್ಟ ಚಿತ್ರವೇ ಅತ್ಯುತ್ತಮ ಚಿತ್ರ’ ಎಂಬ ನಿಯಮ ಎಲ್ಲ ಆಟಗಳಿಗೂ ಅನ್ವಯಿಸುವುದಿಲ್ಲ. ಸೂಪರ್ ನಿಂಟೆಂಡೊದ ಬಹುಪಾಲು ಆಟಗಳು ಆರ್‌ಜಿಬಿಯಲ್ಲಿ ಬಲು ಚೆನ್ನಾಗಿ ಕಾಣುತ್ತವೆ. ಮೆಗಾ ಡ್ರೈವ್‌ನಲ್ಲಿ ಒಂದೊಂದು ಆಟಕ್ಕೆ ಒಂದೊಂದು ತೀರ್ಪು ಕೊಡಬೇಕಾಗುತ್ತದೆ.

ಚಲನೆಯ ಸ್ಪಷ್ಟತೆಯಲ್ಲೂ ಸಿಆರ್‌ಟಿಗೆ ಸಮನಾದದ್ದು ಸುಲಭವಾಗಿ ಸಿಗುವುದಿಲ್ಲ. ಪ್ರತಿ ಚಿತ್ರವೂ ಕ್ಷಣಕಾಲ ಬೆಳಗಿ ಆರಿಹೋಗುವುದರಿಂದ ವೇಗವಾಗಿ ಸರಿಯುವ ಹಿನ್ನೆಲೆ ಕಣ್ಣಿಗೆ ಕಲಸಿದಂತೆ ಕಾಣುವುದಿಲ್ಲ, ಆದರೆ ಎಲ್‌ಸಿಡಿ ಪರದೆ ಮುಂದಿನ ಚಿತ್ರ ಬರುವವರೆಗೂ ಹಿಂದಿನದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನು ಗುರಿಯಿಟ್ಟು ಹೊಡೆಯುವ ಲೈಟ್ ಗನ್ ಆಟಗಳನ್ನು ಮೂಲ ಸಲಕರಣೆಯಿಂದಲೇ ಆಡಬೇಕೆಂದರೆ ಸಿಆರ್‌ಟಿ ಬಿಟ್ಟು ಗತಿಯಿಲ್ಲ. ನಿಂಟೆಂಡೊದ ಝ್ಯಾಪರ್ ಬಂದೂಕಿನ ಕುದುರೆಯನ್ನು ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಗುರಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನೊಳಗಿನ ಬೆಳಕಿನ ಸಂವೇದಕಕ್ಕೆ ಆ ಬಿಳುಪು ನಿಗದಿತ ಕ್ಷಣದಲ್ಲಿ ಕಂಡರೆ ಮಾತ್ರ ಗುರಿ ತಗುಲಿತೆಂದು ಲೆಕ್ಕ. ಹೊಸ ಟಿವಿ ಚಿತ್ರವನ್ನು ತೋರಿಸಲು ತೆಗೆದುಕೊಳ್ಳುವ ಅಲ್ಪ ವಿಳಂಬವೇ ಈ ಲೆಕ್ಕವನ್ನು ಕೆಡಿಸಲು ಸಾಕು.

ಇಷ್ಟಾದರೂ ಸಿಆರ್‌ಟಿಯನ್ನು ಎಲ್ಲರಿಗೂ ಶಿಫಾರಸು ಮಾಡಲಾರೆ. ಅದು ಭಾರ, ಜಾಗ ತಿನ್ನುತ್ತದೆ, ಹೊಸದಾಗಿ ತಯಾರಾಗುತ್ತಿಲ್ಲ, ಕೆಟ್ಟರೆ ಸರಿಪಡಿಸಬಲ್ಲವರೂ ವಿರಳವಾಗುತ್ತಿದ್ದಾರೆ. ಬಣ್ಣದ ಟಿವಿಯ ಕೊಳವೆಯಲ್ಲಿ 20,000 ವೋಲ್ಟ್‌ಗೂ ಮೀರಿದ ವಿದ್ಯುತ್ತು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಉಳಿದಿರಬಹುದು. ಆದ್ದರಿಂದ ತರಬೇತಿ ಇಲ್ಲದವರು ಅದರ ಹಿಂಬದಿಯ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಮೂಲ ಕನ್ಸೋಲ್ ಇದ್ದು ಸಿಆರ್‌ಟಿ ಬೇಡವೆನ್ನುವವರಿಗೆ ಹಳೆಯ ಸಂಕೇತವನ್ನು ಹೊಸ ಟಿವಿಗೆ ಒಗ್ಗಿಸುವ ಸ್ಕೇಲರ್ ಎಂಬ ಪುಟ್ಟ ಪೆಟ್ಟಿಗೆ ಸರಿಯಾದ ಉತ್ತರ. ಓಎಸ್‌ಎಸ್‌ಸಿ ಎಂಬ ಮುಕ್ತ ವಿನ್ಯಾಸದ ಸಾಧನ ಪ್ರತಿ ಸಾಲನ್ನೂ ಬಂದಂತೆಯೇ ಎರಡು, ಮೂರು, ಐದು ಪಟ್ಟು ಮಾಡಿ ಎಚ್‌ಡಿಎಂಐಗೆ ಕೊಡುವುದರಿಂದ ವಿಳಂಬ ಇಲ್ಲವೆಂದೇ ಹೇಳಬಹುದು, ಆದರೆ ಅದು ಕೊಡುವ ಎಲ್ಲ ಸಂಕೇತಗಳನ್ನೂ ಎಲ್ಲ ಟಿವಿಗಳು ಒಪ್ಪುವುದಿಲ್ಲ. ರೆಟ್ರೋಟಿಂಕ್ ಸರಣಿಯ ಸಾಧನಗಳಲ್ಲಿ ಈ ತಕರಾರು ಕಡಿಮೆ, ಬೆಲೆ ಹೆಚ್ಚು. ಯಾವುದನ್ನು ಕೊಂಡರೂ ಟಿವಿಯನ್ನು ಗೇಮ್ ಮೋಡ್‌ಗೆ ಹಾಕುವುದನ್ನು ಮರೆಯಬಾರದು. ಒಂದು ಪೈಸೆ ಖರ್ಚಿಲ್ಲದೆ ವಿಳಂಬ ಇಷ್ಟರಮಟ್ಟಿಗೆ ಇಳಿಯುವ ಬೇರೆ ಉಪಾಯವಿಲ್ಲ.

ಮೂಲ ಕನ್ಸೋಲ್: ನಿರ್ವಹಣೆಯೇ ಹವ್ಯಾಸವಾದವರಿಗೆ

ಮೂಲ ಯಂತ್ರದ ಆಕರ್ಷಣೆಯನ್ನು ಅಲ್ಲಗಳೆಯುವುದು ಕಷ್ಟ. ಆಟವಿರುವ ಪುಟ್ಟ ಡಬ್ಬಿಯನ್ನು, ಅಂದರೆ ಕಾರ್ಟ್ರಿಜ್ಜನ್ನು, ಸೇರಿಸಿ ಸ್ವಿಚ್ ಒತ್ತಿದರೆ ಮೆನು ಇಲ್ಲ, ಅಪ್‌ಡೇಟ್ ಇಲ್ಲ, ಲಾಗಿನ್ ಇಲ್ಲ, ಆಟ ಶುರುವಾಗುತ್ತದೆ. ಆದರೆ ಮೂವತ್ತು ವರ್ಷ ದಾಟಿದ ಎಲೆಕ್ಟ್ರಾನಿಕ್ ಸಾಮಾನು ತನ್ನಷ್ಟಕ್ಕೆ ತಾನು ಚೆನ್ನಾಗಿರುವುದಿಲ್ಲ, ಅದನ್ನು ಚೆನ್ನಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಸ್ಕ್ರೂ ಡ್ರೈವರ್ ಹಿಡಿಯುವುದೇ ಇಷ್ಟವಾದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದು ಕಿರಿಕಿರಿ ಎನ್ನಿಸುವವರಿಗೆ ಇದಕ್ಕಿಂತ ಕೆಟ್ಟ ದಾರಿಯೂ ಇಲ್ಲ.

ಅತಿ ಸಾಮಾನ್ಯ ಕೆಲಸವಾದ ಕಾರ್ಟ್ರಿಜ್ ಶುಚಿಯನ್ನೇ ತೆಗೆದುಕೊಳ್ಳಿ. ನಿಂಟೆಂಡೊ ಕಾರ್ಟ್ರಿಜ್‌ಗಳ ಸ್ಕ್ರೂಗಳಿಗೆ ಮಾಮೂಲಿ ಡ್ರೈವರ್ ಹಿಡಿಯುವುದಿಲ್ಲ, ಅವಕ್ಕೆ 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕು, ಸೂಪರ್ ನಿಂಟೆಂಡೊ, ನಿಂಟೆಂಡೊ 64 ಕನ್ಸೋಲ್‌ಗಳ ಕವಚಕ್ಕೆ 4.5 ಮಿಲಿಮೀಟರಿನದು. ಕವಚ ತೆರೆದರೆ ಹಸಿರು ಬೋರ್ಡಿನ ಕೆಳ ಅಂಚಿನಲ್ಲಿ ತಾಮ್ರದ ಮೇಲೆ ಚಿನ್ನ ಲೇಪಿಸಿದ ಹಲ್ಲುಗಳ ಸಾಲು ಕಾಣುತ್ತದೆ. ಶೇಕಡಾ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಆ ಹಲ್ಲುಗಳನ್ನು ಉದ್ದಕ್ಕೆ ಉಜ್ಜಿದರೆ, ನೋಡಲು ಶುಭ್ರವಾಗಿದ್ದ ಲೋಹದಿಂದಲೂ ಹತ್ತಿ ಬೂದುಬಣ್ಣಕ್ಕೆ, ಮತ್ತೆ ಕಪ್ಪಿಗೆ ತಿರುಗುತ್ತದೆ. ಹೊಸ ಹತ್ತಿ ಬಿಳಿಯಾಗಿಯೇ ಉಳಿಯುವ ತನಕ ಉಜ್ಜಿ, ಪೂರ್ತಿ ಆರಲು ಬಿಟ್ಟು ಮುಚ್ಚಬೇಕು. ‘ಕೆಟ್ಟುಹೋಗಿದೆ’ ಎಂದು ಬದಿಗಿಟ್ಟ ಕಾರ್ಟ್ರಿಜ್‌ಗಳಲ್ಲಿ ಅನೇಕವು ಇಷ್ಟರಿಂದಲೇ ಜೀವ ತಳೆಯುತ್ತವೆ. ಬಾಯಿಯಿಂದ ಊದುವ ಹಳೆಯ ಅಭ್ಯಾಸವನ್ನು ಮಾತ್ರ ಬಿಡಬೇಕು. ಉಸಿರಿನ ತೇವ ಲೋಹವನ್ನು ಸವೆಸುತ್ತದೆ. ಊದಿದ ಮೇಲೆ ಆಟ ಹತ್ತಿಕೊಳ್ಳುತ್ತಿದ್ದದ್ದು ಬಹುಮಟ್ಟಿಗೆ ಕಾರ್ಟ್ರಿಜ್ಜನ್ನು ತೆಗೆದು ಮತ್ತೆ ಸೇರಿಸಿದ್ದರಿಂದ.

ಯಂತ್ರದಿಂದ ಯಂತ್ರಕ್ಕೆ ಈ ಹೊರೆ ಬದಲಾಗುತ್ತದೆ. ಎನ್‌ಇಎಸ್ ಎಂಬ ಹೆಸರಿನಲ್ಲಿ 1985ರಲ್ಲಿ ಅಮೆರಿಕಕ್ಕೆ ಬಂದ ಫ್ಯಾಮಿಕಾಮ್‌ನ ಪೆಟ್ಟಿಗೆಯಂಥ ರೂಪದಲ್ಲಿ ಕಾರ್ಟ್ರಿಜ್ಜನ್ನು ಒಳಗೆ ತಳ್ಳಿ ಕೆಳಗೆ ಒತ್ತಬೇಕಿತ್ತು. ಅದರ 72 ಪಿನ್ನುಗಳ ಕನೆಕ್ಟರ್ ಸಡಿಲವಾದರೆ ಒಳಗಿನ ಭದ್ರತಾ ಚಿಪ್ ಯಂತ್ರವನ್ನು ಸೆಕೆಂಡಿಗೊಮ್ಮೆ ಮರುಪ್ರಾರಂಭಿಸುತ್ತಿರುತ್ತದೆ, ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ. ಸೂಪರ್ ನಿಂಟೆಂಡೊ, ನಿಂಟೆಂಡೊ 64, ಮೆಗಾ ಡ್ರೈವ್‌ಗಳಲ್ಲಿ ಕಾರ್ಟ್ರಿಜ್ ಮೇಲಿನಿಂದ ನೇರವಾಗಿ ಕೂರುವುದರಿಂದ ತಂಟೆ ಕಡಿಮೆ. ಮೊದಲ ಮೂಲ ಯಂತ್ರ ಕೊಳ್ಳುವವರಿಗೆ ನಾನು ಈ ಮೂರರಲ್ಲಿ ಒಂದನ್ನೇ ಹೇಳುವುದು. ಕೈಯಲ್ಲಿ ಹಿಡಿದು ಆಡುವ ಸೆಗಾ ಗೇಮ್ ಗೇರ್ ಇನ್ನೊಂದು ಕೊನೆ: ಅದರ ಬೋರ್ಡಿನ ಮೇಲಿನ ಚಿಕ್ಕ ಕೆಪ್ಯಾಸಿಟರ್‌ಗಳು ಸೋರುವುದು ಅಪವಾದವಲ್ಲ, ವಾಡಿಕೆ. ಕೆಪ್ಯಾಸಿಟರ್ ಬದಲಿಸಿರದ ಗೇಮ್ ಗೇರನ್ನು ಕೊಳ್ಳುವವರು ಬೆಸುಗೆ ಕೆಲಸವನ್ನೂ ಜೊತೆಗೇ ಕೊಂಡಂತೆ ಎಂದು ತಿಳಿಯಬೇಕು.

ಡಿಸ್ಕ್ ಯಂತ್ರಗಳ ಕಥೆ ಬೇರೆ. ಪ್ಲೇಸ್ಟೇಷನ್, ಸೆಗಾ ಸ್ಯಾಟರ್ನ್, ಡ್ರೀಮ್‌ಕಾಸ್ಟ್‌ಗಳಲ್ಲಿ ಲೇಸರ್ ದುರ್ಬಲವಾಗುತ್ತದೆ, ಅದನ್ನು ಸರಿಸುವ ಪ್ಲಾಸ್ಟಿಕ್ ಭಾಗಗಳು ಸವೆಯುತ್ತವೆ, ಬದಲಿ ಭಾಗಗಳ ಗುಣಮಟ್ಟಕ್ಕೆ ಭರವಸೆ ಇರುವುದಿಲ್ಲ. ಇದಕ್ಕೆ ಪರಿಹಾರವಾಗಿ ಡಿಸ್ಕ್ ಡ್ರೈವಿನ ಜಾಗದಲ್ಲಿ ಕೂರಿಸಿ ಮೆಮೊರಿ ಕಾರ್ಡಿನಿಂದ ಆಟ ಓಡಿಸುವ ಬೋರ್ಡುಗಳು ಬಂದಿವೆ. ಡ್ರೀಮ್‌ಕಾಸ್ಟಿಗೆ ಜಿಡಿಇಎಂಯು, ಪ್ಲೇಸ್ಟೇಷನ್ನಿಗೆ ಎಕ್ಸ್‌ಸ್ಟೇಷನ್ ಹೀಗೆ. ಡಿಸ್ಕ್ ಸುತ್ತುವ ಸದ್ದನ್ನೂ ಅನುಭವದ ಭಾಗವೆಂದು ಎಣಿಸುವವರು ಇದನ್ನು ಒಪ್ಪುವುದಿಲ್ಲ. ಆದರೂ ಇನ್ನು ಹತ್ತು ವರ್ಷ ಯಂತ್ರ ಓಡುತ್ತಿರಬೇಕೆಂದರೆ ಇದು ವಿವೇಕದ ದಾರಿ.

ಕೊಳ್ಳುವ ಮೊದಲು ಎರಡು ವಿಷಯಗಳನ್ನು ನೋಡಿಕೊಳ್ಳಲೇಬೇಕು. ಒಂದು, ವಿದ್ಯುತ್ ಅಡಾಪ್ಟರ್. ಎನ್‌ಇಎಸ್‌ನ ಮೂಲ ಅಡಾಪ್ಟರ್ ಕೊಡುವುದು 9 ವೋಲ್ಟ್‌ನ ಎಸಿ. ಫ್ಯಾಮಿಕಾಮ್‌ಗೂ ಮೊದಲ ಮಾದರಿಯ ಮೆಗಾ ಡ್ರೈವ್‌ಗೂ ಬೇಕಾದದ್ದು ಡಿಸಿ. ಪ್ಲಗ್ಗಿನ ತುದಿ ಹೊಂದುತ್ತದೆಂದು ಎನ್‌ಇಎಸ್‌ನ ಅಡಾಪ್ಟರನ್ನೇ ಅವಕ್ಕೆ ಸಿಕ್ಕಿಸಿದರೆ ಯಂತ್ರಕ್ಕೆ ಹಾನಿಯಾಗಬಹುದು. ಜಪಾನಿನ ಅಡಾಪ್ಟರ್‌ಗಳಾದರೋ 100 ವೋಲ್ಟ್‌ನ ಮನೆ ವಿದ್ಯುತ್ತಿಗೆಂದು ಮಾಡಿದವು, ಅವನ್ನು 220 ವೋಲ್ಟ್‌ನ ಗೋಡೆಗೆ ಸಿಕ್ಕಿಸಬಾರದು. ಎರಡನೆಯದು, ಪ್ರದೇಶ. ಯುರೋಪಿನ ಮಾರುಕಟ್ಟೆಯ ಹಳೆಯ ಕನ್ಸೋಲ್‌ಗಳು ಸೆಕೆಂಡಿಗೆ 50 ಚಿತ್ರಗಳ ಲೆಕ್ಕದಲ್ಲಿ ಓಡುವುದರಿಂದ, ಅದಕ್ಕೆ ಹೊಂದಿಸದೆ ಹಾಗೆಯೇ ಬಿಟ್ಟ ಆಟಗಳು ಸುಮಾರು ಶೇಕಡಾ 17ರಷ್ಟು ನಿಧಾನವಾಗಿ, ಮೇಲೆ ಕೆಳಗೆ ಕಪ್ಪು ಪಟ್ಟಿಯೊಂದಿಗೆ ಕಾಣುತ್ತವೆ. ಜಪಾನ್ ಅಥವಾ ಅಮೆರಿಕದ 60 ಚಿತ್ರಗಳ ಮಾದರಿ ಸಿಗುವಂತಿದ್ದರೆ ಅದನ್ನೇ ಆರಿಸುವುದು ಲೇಸು.

ಎಮ್ಯುಲೇಟರ್ ಮತ್ತು ಎಫ್‌ಪಿಜಿಎ: ವ್ಯತ್ಯಾಸ ಎಲ್ಲಿದೆ, ಎಲ್ಲಿಲ್ಲ

ಎಮ್ಯುಲೇಟರ್ ಎಂದರೆ ಹಳೆಯ ಯಂತ್ರದ ವರ್ತನೆಯನ್ನು ಅನುಕರಿಸುವ ಸಾಫ್ಟ್‌ವೇರ್. ಸೂಪರ್ ನಿಂಟೆಂಡೊದ ಪ್ರೊಸೆಸರಿನ ಗರಿಷ್ಠ ವೇಗ 3.58 ಮೆಗಾಹರ್ಟ್ಸ್, ಅದನ್ನು ಚಾಚೂ ತಪ್ಪದೆ ಅನುಕರಿಸಲು ಹೊರಟ ಬಿಎಸ್‌ನೆಸ್ ಎಮ್ಯುಲೇಟರಿಗೆ ಸುಮಾರು 3 ಗಿಗಾಹರ್ಟ್ಸ್‌ನ ಪ್ರೊಸೆಸರ್ ಬೇಕಾಯಿತು. ಹಳೆಯ ಯಂತ್ರದಲ್ಲಿ ಪ್ರೊಸೆಸರ್, ಚಿತ್ರದ ಚಿಪ್, ಧ್ವನಿಯ ಚಿಪ್ ಏಕಕಾಲಕ್ಕೆ ಕೆಲಸ ಮಾಡುತ್ತಿದ್ದರೆ, ಸಾಫ್ಟ್‌ವೇರ್ ಒಂದೊಂದನ್ನೂ ಸರದಿಯಲ್ಲಿ ಲೆಕ್ಕಹಾಕಿ, ಅವು ಪರಸ್ಪರ ಕಾಯಬೇಕಾದಲ್ಲಿ ಕಾಯಿಸಿ ಮುಂದುವರಿಯಬೇಕಾಗುತ್ತದೆ. ಈ ವೆಚ್ಚ ಬರುವುದು ಅಲ್ಲಿಂದ. ಎಫ್‌ಪಿಜಿಎ ಚಿಪ್ಪಿನಲ್ಲಿ ಒಳಗಿನ ತರ್ಕದ್ವಾರಗಳ ಜೋಡಣೆಯನ್ನೇ ಬದಲಿಸಬಹುದಾದ್ದರಿಂದ ಆ ಮೂರೂ ಭಾಗಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿ, ನಿಜಕ್ಕೂ ಏಕಕಾಲಕ್ಕೆ ಓಡಿಸಬಹುದು.

ಈ ವಿವರಣೆ ಕೇಳಿದವರು ಎಫ್‌ಪಿಜಿಎ ಎಂದರೆ ಮೂಲ ಯಂತ್ರದ ನಕಲೇ ಎಂದು ನಂಬಿಬಿಡುವುದುಂಟು. ಅದು ಪೂರ್ತಿ ಸರಿಯಲ್ಲ. ಎಫ್‌ಪಿಜಿಎಯೊಳಗಿನ ವಿನ್ಯಾಸವನ್ನೂ ಮನುಷ್ಯರೇ ಬರೆಯುತ್ತಾರೆ, ಎಮ್ಯುಲೇಟರ್ ಬರೆಯುವವರು ಕಲೆಹಾಕಿದ ಮಾಹಿತಿಯನ್ನೇ ಬಹಳಷ್ಟು ಸಲ ಆಧಾರವಾಗಿಟ್ಟುಕೊಳ್ಳುತ್ತಾರೆ. ಮಾಹಿತಿ ತಪ್ಪಿದ್ದರೆ ಎರಡು ಕಡೆಯೂ ತಪ್ಪೇ. ಎಫ್‌ಪಿಜಿಎಯ ನಿಜವಾದ ಲಾಭ ಇರುವುದು ವಿಳಂಬ ಒಂದೇ ಸಮನಾಗಿ, ಕಡಿಮೆಯಾಗಿ ಇರುವುದರಲ್ಲಿ ಮತ್ತು ಸಿಆರ್‌ಟಿಗೆ ಬೇಕಾದ ಹಳೆಯ ಸಂಕೇತವನ್ನು ಸರಾಗವಾಗಿ ಕೊಡುವುದರಲ್ಲಿ. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮಿಸ್ಟರ್ ಯೋಜನೆ ಡಿಇ10-ನ್ಯಾನೊ ಎಂಬ ಬೋರ್ಡಿನ ಮೇಲೆ ನಿಂತಿದೆ. ಫ್ಯಾಮಿಕಾಮ್, ಮೆಗಾ ಡ್ರೈವ್‌ಗಳಿಂದ ಪ್ಲೇಸ್ಟೇಷನ್, ಸ್ಯಾಟರ್ನ್, ನಿಂಟೆಂಡೊ 64ರ ತನಕ ಯಂತ್ರಗಳನ್ನು ಅದು ಓಡಿಸುತ್ತದೆ. ಡ್ರೀಮ್‌ಕಾಸ್ಟ್, ಪ್ಲೇಸ್ಟೇಷನ್ 2 ಮುಂತಾದವು ಅದರ ಚಿಪ್ಪಿನ ಅಳತೆಗೆ ಮೀರಿದವು. ಆ ಕಾಲದ ಆಟಗಳೇ ನಿಮ್ಮ ಮುಖ್ಯ ಆಸಕ್ತಿಯಾಗಿದ್ದರೆ ಎಫ್‌ಪಿಜಿಎಯ ಚರ್ಚೆಯನ್ನು ಇಲ್ಲಿಗೇ ಬಿಟ್ಟು ಎಮ್ಯುಲೇಟರನ್ನೋ ಮೂಲ ಯಂತ್ರವನ್ನೋ ನೋಡಬೇಕು.

ವಿಳಂಬದ ವಿಷಯದಲ್ಲೂ ಎಮ್ಯುಲೇಟರ್‌ಗಳು ಈಗ ಹಿಂದುಳಿದಿಲ್ಲ. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. ಅನೇಕ ಆಟಗಳು ಬಟನ್ ಒತ್ತಿದ ಮೇಲೆ ಒಂದೆರಡು ಚಿತ್ರಗಳಷ್ಟು ತಡೆದು ಪ್ರತಿಕ್ರಿಯಿಸುವಂತೆ ಮೂಲದಲ್ಲೇ ಬರೆಯಲ್ಪಟ್ಟಿವೆ. ಅನೇಕ ಎಮ್ಯುಲೇಟರ್‌ಗಳನ್ನು ಒಂದೆಡೆ ಓಡಿಸುವ ರೆಟ್ರೋಆರ್ಚ್ ಎಂಬ ಸಾಫ್ಟ್‌ವೇರ್‌ನಲ್ಲಿರುವ ರನ್-ಅಹೆಡ್ ಎಂಬ ಸೌಲಭ್ಯ ಆಟವನ್ನು ಒಳಗೊಳಗೇ ಒಂದೆರಡು ಚಿತ್ರ ಮುಂದಕ್ಕೆ ಓಡಿಸಿ ಆ ತಡೆಯನ್ನು ಮರೆಮಾಡುತ್ತದೆ. ಹೀಗಾಗಿ ಶಕ್ತಿಶಾಲಿ ಕಂಪ್ಯೂಟರಿನಲ್ಲಿ ವಿಳಂಬ ಮೂಲ ಯಂತ್ರಕ್ಕಿಂತಲೂ ಕಡಿಮೆಯಾಗಬಹುದು. ಸಿಆರ್‌ಟಿಯ ಸ್ಕ್ಯಾನ್‌ಲೈನ್, ಬಣ್ಣದ ಬೆರಕೆ, ಗಾಜಿನ ಹೊಳಪು ಇವನ್ನು ಅನುಕರಿಸುವ ಶೇಡರ್ ಎಂಬ ಚಿತ್ರ ಫಿಲ್ಟರ್‌ಗಳೂ ಇವೆ, 4ಕೆ ಪರದೆಯಲ್ಲಿ ಅವು ನಂಬುವಂತೆಯೇ ಕಾಣುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಈ ದಾರಿ ಹಿಡಿದವರಲ್ಲಿ ಸಂಜೆಯೆಲ್ಲ ಶೇಡರ್ ತಿದ್ದುತ್ತ, ಆಟಗಳ ಮುಖಚಿತ್ರಗಳನ್ನು ಪಟ್ಟಿಗೆ ಜೋಡಿಸುತ್ತ ಕುಳಿತು, ಆಟವನ್ನೇ ಆಡದೆ ಮಲಗುವವರು ಕಡಿಮೆಯೇನಿಲ್ಲ. ಒಮ್ಮೆ ಹೊಂದಿಸಿ ಮುಚ್ಚಿಟ್ಟುಬಿಡುವ ಸಂಯಮ ಇದ್ದರೆ ಬಿಡುವು ಕಡಿಮೆ ಇರುವವರಿಗೆ ಎಮ್ಯುಲೇಟರೇ ಅತ್ಯುತ್ತಮ. ಎಲ್ಲಿ ಬೇಕಾದರೂ ಸ್ಥಿತಿಯನ್ನು ಉಳಿಸಿ ನಿಲ್ಲಿಸಬಹುದು, ಹಿಂದಕ್ಕೆ ಸುತ್ತಿ ತಪ್ಪು ತಿದ್ದಿಕೊಳ್ಳಬಹುದು. ರೆಟ್ರೋಅಚೀವ್‌ಮೆಂಟ್ಸ್‌ನಂಥ ಸೇವೆಯ ಮೂಲಕ ಹಳೆಯ ಆಟಕ್ಕೆ ಹೊಸ ಗುರಿಗಳನ್ನು ಹಾಕಿಕೊಳ್ಳಬಹುದು.

ವೇಗದ ದಾಖಲೆಗಾಗಿ ಅಭ್ಯಾಸ ಮಾಡುವವರು ಮಾತ್ರ ಬೇರೆ ಲೆಕ್ಕ ಹಾಕಬೇಕು. ಕೆಲವು ಆಟಗಳ ಸಮುದಾಯಗಳು ಎಮ್ಯುಲೇಟರಿನ ದಾಖಲೆಗಳನ್ನು ಪ್ರತ್ಯೇಕ ಪಟ್ಟಿಯಲ್ಲಿಡುತ್ತವೆ, ಕೆಲವು ನಿರ್ದಿಷ್ಟ ಎಮ್ಯುಲೇಟರನ್ನು ಮಾತ್ರ ಒಪ್ಪುತ್ತವೆ. ಆದ್ದರಿಂದ ಸಲಕರಣೆ ಕೊಳ್ಳುವ ಮೊದಲೇ ಆ ಆಟದ ನಿಯಮಗಳನ್ನು ಓದಿಕೊಳ್ಳುವುದು ಕ್ಷೇಮ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಎಮ್ಯುಲೇಟರನ್ನು ಹೊಂದಿರುವುದು ಬೇರೆ, ಆಟದ ಪ್ರತಿ ಎಲ್ಲಿಂದ ಬಂತು ಎಂಬುದು ಬೇರೆ. ಆಟ ಮಾರಾಟದಲ್ಲಿ ಇಲ್ಲದ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ಕಳೆದುಹೋಗುವುದಿಲ್ಲ. ತಮ್ಮಲ್ಲಿರುವ ಕಾರ್ಟ್ರಿಜ್‌ಗಳಿಂದ ತಾವೇ ಪ್ರತಿ ತೆಗೆದುಕೊಳ್ಳಲು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಕಾರ್ಟ್ರಿಜ್ ರೀಡರ್‌ಗಳಿವೆ. ಆದರೆ ಸ್ವಂತ ಬಳಕೆಯ ಪ್ರತಿಗೂ ಎಲ್ಲ ದೇಶಗಳ ಕಾನೂನು ಒಂದೇ ರೀತಿ ಅವಕಾಶ ಕೊಡುವುದಿಲ್ಲ.

ಕಂಪನಿಗಳ ಮರುಬಿಡುಗಡೆ: ಸುಲಭ, ಆದರೆ ಶಾಶ್ವತವಲ್ಲ

ಮಿನಿ ಕನ್ಸೋಲ್‌ಗಳಲ್ಲಿ ಗುಣಮಟ್ಟ ಏಕರೂಪವಾಗಿಲ್ಲ. 2016ರ ಎನ್‌ಇಎಸ್ ಕ್ಲಾಸಿಕ್‌ನಲ್ಲಿ 30 ಆಟಗಳಿದ್ದವು, ಕಂಟ್ರೋಲರಿನ ತಂತಿ ಮಾತ್ರ ಟಿವಿಯ ಬುಡದಲ್ಲೇ ಕೂರಬೇಕಾದಷ್ಟು ಗಿಡ್ಡ. 2017ರ ಸೂಪರ್ ನಿಂಟೆಂಡೊ ಮಿನಿ 21 ಆಟಗಳೊಂದಿಗೆ ಬಂತು. 1990ರ ದಶಕದಲ್ಲಿ ಸಿದ್ಧವಾಗಿಯೂ ಬಿಡುಗಡೆಯಾಗದೆ ಉಳಿದಿದ್ದ ಸ್ಟಾರ್ ಫಾಕ್ಸ್ 2 ಅಧಿಕೃತವಾಗಿ ಹೊರಬಂದದ್ದೇ ಅದರಲ್ಲಿ. 2019ರ ಮೆಗಾ ಡ್ರೈವ್ ಮಿನಿ 42 ಆಟಗಳನ್ನು ಅಚ್ಚುಕಟ್ಟಾಗಿ ಕೊಟ್ಟರೆ, ಅದಕ್ಕೆ ಹಿಂದಿನ ವರ್ಷ ಬಂದ ಪ್ಲೇಸ್ಟೇಷನ್ ಕ್ಲಾಸಿಕ್ 20 ಆಟಗಳಲ್ಲಿ ಕೆಲವನ್ನು 50 ಚಿತ್ರಗಳ ಯುರೋಪಿನ ರೂಪದಲ್ಲೇ ಕೊಟ್ಟು ಹವ್ಯಾಸಿಗಳ ಟೀಕೆಗೆ ಗುರಿಯಾಯಿತು. ಬಾಲ್ಯದ ಒಂದೆರಡು ಆಟಗಳನ್ನು ಮನೆಯ ಮಕ್ಕಳೊಂದಿಗೆ ರಜೆಯಲ್ಲಿ ಆಡಿದರೆ ಸಾಕೆನ್ನುವವರಿಗೆ ಮಿನಿ ಕನ್ಸೋಲ್ ಯೋಗ್ಯ. ಅದರಾಚೆಗೆ ಆಸಕ್ತಿ ಬೆಳೆದರೆ ಬೇಗ ಮುಗಿದುಹೋಗುತ್ತದೆ.

ಆನ್‌ಲೈನ್ ಮಳಿಗೆ ಮತ್ತು ಚಂದಾ ಸೇವೆಗಳದು ಇನ್ನೊಂದು ಬಗೆಯ ಮಿತಿ. ನಿಂಟೆಂಡೊ ವೀ ಕನ್ಸೋಲಿನ ಮಳಿಗೆ 2019ರ ಜನವರಿಯಲ್ಲಿ ಮುಚ್ಚಿತು. ವೀ ಯು ಮತ್ತು 3ಡಿಎಸ್‌ಗಳಲ್ಲಿ ಕೊಳ್ಳುವ ಅವಕಾಶ 2023ರ ಮಾರ್ಚ್ 27ಕ್ಕೆ ಕೊನೆಗೊಂಡಿತು. ಸ್ವಿಚ್‌ನ ಚಂದಾ ಸೇವೆಯಲ್ಲಿ ಎನ್‌ಇಎಸ್‌ನಿಂದ ಗೇಮ್ ಬಾಯ್ ಅಡ್ವಾನ್ಸ್‌ವರೆಗಿನ ಆಟಗಳು ಕಂತುಕಂತಾಗಿ ಬಂದಿವೆಯಾದರೂ, ಚಂದಾ ನಿಂತ ದಿನ ಅವೂ ನಿಲ್ಲುತ್ತವೆ. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಆದ್ದರಿಂದ ಹೆಸರಾಂತ ಆಟಗಳಷ್ಟೇ ಸಾಕಾದವರಿಗೆ ಈ ದಾರಿ ಸಾಲುತ್ತದೆ. ಮರೆತುಹೋದ ಆಟಗಳನ್ನು ಹುಡುಕುವುದೇ ಖುಷಿ ಎನ್ನುವವರಿಗೆ ಸಾಲದು.

ಕಾರ್ಟ್ರಿಜ್ ಸಂಗ್ರಹವೋ, ಫ್ಲ್ಯಾಶ್ ಕಾರ್ಟೋ

ಮೂಲ ಯಂತ್ರ ಇಟ್ಟುಕೊಂಡವರು ಮತ್ತೊಂದು ಆಯ್ಕೆ ಮಾಡಬೇಕಾಗುತ್ತದೆ. ಎವರ್‌ಡ್ರೈವ್‌ನಂಥ ಫ್ಲ್ಯಾಶ್ ಕಾರ್ಟ್ ಒಂದೇ ಕಾರ್ಟ್ರಿಜ್ಜಿನಲ್ಲಿ ಮೆಮೊರಿ ಕಾರ್ಡಿನ ಮೂಲಕ ಅನೇಕ ಆಟಗಳನ್ನು ಓಡಿಸುತ್ತದೆ. ಸಂಗ್ರಹವಿದ್ದವರಿಗೂ ಇದು ಉಪಯುಕ್ತ, ಏಕೆಂದರೆ ದಿನವೂ ಆಡುವುದರಿಂದ ಸವೆಯುವುದು ಫ್ಲ್ಯಾಶ್ ಕಾರ್ಟ್, ಅಪರೂಪದ ಮೂಲ ಪ್ರತಿ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿರುತ್ತದೆ. ಕಾರ್ಟ್ರಿಜ್ಜಿನೊಳಗೇ ಹೆಚ್ಚುವರಿ ಚಿಪ್ಪುಗಳಿದ್ದ ಸೂಪರ್ ನಿಂಟೆಂಡೊ ಆಟಗಳನ್ನು ಅಗ್ಗದ ಫ್ಲ್ಯಾಶ್ ಕಾರ್ಟ್‌ಗಳು ಓಡಿಸಲಾರವು. ಅದಕ್ಕೆ ತನ್ನೊಳಗೇ ಎಫ್‌ಪಿಜಿಎ ಇರುವ ಎಫ್‌ಎಕ್ಸ್‌ಪ್ಯಾಕ್‌ನಂಥದೇ ಬೇಕು.

ಕಾರ್ಟ್ರಿಜ್‌ಗಳನ್ನೇ ಸಂಗ್ರಹಿಸುವವರಿಗೆ ಎರಡು ಕಾಟಗಳು: ನಕಲಿ ಮತ್ತು ಬ್ಯಾಟರಿ. ಗೇಮ್ ಬಾಯ್ ಮತ್ತು ಗೇಮ್ ಬಾಯ್ ಅಡ್ವಾನ್ಸ್‌ನ ಜನಪ್ರಿಯ ಆಟಗಳ ನಕಲಿಗಳು ಹೇರಳ. ಲೇಬಲ್ ನೋಡಿ ಮೋಸಹೋಗದೆ ಕವಚ ತೆರೆದು ಬೋರ್ಡಿನ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿದೆಯೇ, ಚಿಪ್ಪುಗಳ ಬದಲು ಕಪ್ಪು ಅಂಟಿನ ಗುಡ್ಡೆ ಇದೆಯೇ ಎಂದು ನೋಡುವುದೇ ನಂಬಿಕೆಯ ಪರೀಕ್ಷೆ. ಬ್ಯಾಟರಿಯ ವಿಷಯ ಹೀಗೆ: ಆಟದ ಪ್ರಗತಿಯನ್ನು ಉಳಿಸುವ ಬಹಳಷ್ಟು ಕಾರ್ಟ್ರಿಜ್‌ಗಳಲ್ಲಿ ಸಿಆರ್2032 ಅಥವಾ ಅದಕ್ಕಿಂತ ಚಿಕ್ಕ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ, ಅದು ಸತ್ತರೆ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಗಡಿಯಾರವೂ ಇರುವ ಪೋಕೆಮಾನ್ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಬ್ಯಾಟರಿ ಇನ್ನೂ ಬೇಗ ಖಾಲಿಯಾಗುತ್ತದೆ. ಹಳೆಯದನ್ನು ಬಿಡಿಸಿದ ಕ್ಷಣವೇ ಉಳಿಸಿದ ಆಟ ಹೋಗುವುದರಿಂದ, ಮೊದಲು ರೀಡರ್ ಮೂಲಕ ಅದರ ಪ್ರತಿಯನ್ನು ಕಂಪ್ಯೂಟರಿಗೆ ತೆಗೆದುಕೊಂಡು, ಬೆಸುಗೆಗೆಂದು ಲೋಹದ ಪಟ್ಟಿಗಳಿರುವ ಹೊಸ ಬ್ಯಾಟರಿಯನ್ನು ಬೆಸೆದು, ಮತ್ತೆ ಪ್ರತಿಯನ್ನು ಒಳಗೆ ಬರೆಯುವುದು ಸರಿಯಾದ ಕ್ರಮ.

ಕೈಯಲ್ಲಿ ಹಿಡಿಯುವ ಯಂತ್ರಗಳು

ಇಲ್ಲಿ ನಾನು ಮೂಲ ಯಂತ್ರದ ಪರ ವಾದಿಸುವುದಿಲ್ಲ. 1989ರ ಗೇಮ್ ಬಾಯ್‌ನ ಪರದೆಗೂ 2001ರ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೂ ಸ್ವಂತ ಬೆಳಕಿರಲಿಲ್ಲ. ದೀಪದ ಕೆಳಗೆ ಕೋನ ಹುಡುಕುತ್ತ ಆಡುವುದರಲ್ಲಿ ನೆನಪಿನ ಸುಖವಿರಬಹುದು, ಕಣ್ಣಿಗೆ ಸುಖವಿಲ್ಲ. ಸ್ವಂತ ಬೆಳಕಿರುವ ಹೊಸ ಐಪಿಎಸ್ ಪರದೆ ಹಾಕಿಸಿದ ಮೂಲ ಯಂತ್ರ ಒಂದು ಮಧ್ಯದ ದಾರಿ. ಕಾರ್ಟ್ರಿಜ್‌ಗಳು ಈಗಾಗಲೇ ಇದ್ದರೆ ಎಫ್‌ಪಿಜಿಎ ಆಧಾರಿತ ಅನಲಾಗ್ ಪಾಕೆಟ್ ಅದಕ್ಕಿಂತ ಉತ್ತಮ: ಅದರ 1600×1440ರ ಪರದೆ ಗೇಮ್ ಬಾಯ್‌ನ 160×144ಕ್ಕೆ ಸರಿಯಾಗಿ ಹತ್ತು ಪಟ್ಟು ಇರುವುದರಿಂದ, ಮೂಲದ ಒಂದೊಂದು ಚುಕ್ಕಿಯೂ ನೂರು ಚುಕ್ಕಿಗಳ ಚೌಕವಾಗಿ ಮೂಡಿ, ಹಳೆಯ ಪರದೆಯ ಚುಕ್ಕಿಗಳ ನಡುವಿನ ಗೆರೆಗಳನ್ನೂ ತೋರಿಸಬಲ್ಲದು. ಕಾರ್ಟ್ರಿಜ್ ಇಲ್ಲದವರಿಗೆ ಎಮ್ಯುಲೇಟರ್ ಓಡಿಸುವ ಚಿಕ್ಕ ಸಾಧನಗಳು ಬೇಕಾದಷ್ಟಿವೆ. ಅವುಗಳೊಂದಿಗೆ ಬರುವ ಮೆಮೊರಿ ಕಾರ್ಡಿನಲ್ಲಿ ಸಾವಿರಾರು ಆಟಗಳು ತುಂಬಿದ್ದರೆ ಅವು ಪರವಾನಗಿ ಪಡೆದವಲ್ಲವೆಂದೇ ತಿಳಿಯಬೇಕು, ಜೊತೆಗೆ ಆ ಕಾರ್ಡ್‌ಗಳು ಬೇಗ ಕೆಡುವುದೂ ಉಂಟಾದ್ದರಿಂದ ಒಳ್ಳೆಯ ಕಾರ್ಡ್ ಹಾಕಿಕೊಳ್ಳುವುದು ಲೇಸು.

ಕಂಟ್ರೋಲರ್

ಕೊನೆಗೆ ಕಂಟ್ರೋಲರ್. ದಾರಿ ಯಾವುದಾದರೂ ಆಗಲಿ, ಅದೇ ಕಾಲದ ವಿನ್ಯಾಸದ ಕಂಟ್ರೋಲರ್ ಇಲ್ಲದಿದ್ದರೆ ಆಟ ಕೈಗೆ ಒಗ್ಗುವುದಿಲ್ಲ. ಮೆಗಾ ಡ್ರೈವ್‌ನ ಹೊಡೆದಾಟದ ಆಟಗಳಿಗೆ ಆರು ಬಟನ್ನುಗಳ ಸಾಲು ಬೇಕು. ನಿಂಟೆಂಡೊ 64ರ ಹಳದಿ ಸಿ ಬಟನ್ನುಗಳ ಕೆಲಸವನ್ನು ಇಂದಿನ ಕಂಟ್ರೋಲರಿನ ಬಲಗಡೆಯ ಕಡ್ಡಿಗೆ ವಹಿಸಿದರೆ ಅರ್ಧ ಆಟಗಳು ವಿಚಿತ್ರವಾಗುತ್ತವೆ. ಕೊಳ್ಳುವಾಗ ದಿಕ್ಕಿನ ಬಟನ್ನನ್ನು ಮೊದಲು ಪರೀಕ್ಷಿಸಬೇಕು: ಹೆಬ್ಬೆರಳನ್ನು ಬಲಕ್ಕೆ ಒತ್ತಿಹಿಡಿದು ಹಾಗೆಯೇ ಸ್ವಲ್ಪ ಮೇಲೆ ಕೆಳಗೆ ಹೊರಳಿಸಿದಾಗ ಪಾತ್ರ ಒತ್ತದ ದಿಕ್ಕಿಗೂ ಹೊರಳುತ್ತಿದ್ದರೆ ಆ ಕಂಟ್ರೋಲರನ್ನು ಬಿಡುವುದು ಒಳ್ಳೆಯದು. ತಂತಿಯದೂ ನಿಸ್ತಂತುವಿನದೂ ಎರಡೂ ಸಿಗುವಾಗ ತಂತಿಯದನ್ನು ಆರಿಸಿ. ನಿಸ್ತಂತುವೇ ಬೇಕಾದರೆ ಬ್ಲೂಟೂತ್‌ಗಿಂತ ತನ್ನದೇ ಯುಎಸ್‌ಬಿ ರಿಸೀವರ್ ಜೊತೆಗೆ ಬರುವ 2.4 ಗಿಗಾಹರ್ಟ್ಸ್‌ನದು ಸಾಮಾನ್ಯವಾಗಿ ಚುರುಕು. ಮೂಲ ಕಂಟ್ರೋಲರ್ ಈಗಾಗಲೇ ಮನೆಯಲ್ಲಿದ್ದು ಅದರ ಬಟನ್ನುಗಳು ಮೆತ್ತಗಾಗಿದ್ದರೆ ಹೊಸದನ್ನು ಕೊಳ್ಳುವ ಮೊದಲು ಅದನ್ನು ತೆರೆದು, ಒಳಗಿನ ರಬ್ಬರ್ ಹಾಳೆಯನ್ನು ಬದಲಿಸಿ ನೋಡಿ. ಆಮೇಲೆ ಯುಎಸ್‌ಬಿ ಅಡಾಪ್ಟರ್ ಹಾಕಿದರೆ ಅದೇ ಕಂಟ್ರೋಲರ್ ಎಮ್ಯುಲೇಟರಿಗೂ ಮಿಸ್ಟರ್‌ಗೂ ಆಗುತ್ತದೆ.